ಸಹಾಯ ಬೇಕು: ‘ಯಮಾಟೊ’ ಸಿನಿಮಾ ಸಬ್‌ಟೈಟಲ್ ಜೊತೆ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. 2005ರ ಜಪಾನಿ ಸಿನಿಮಾ ‘ಒಟೊಕೊತಾಚಿ ನೋ ಯಮಾಟೊ’ ಹುಡುಕುತ್ತಿದ್ದೇನೆ. ನಿರ್ದೇಶಕರು ಜುನ್ಯಾ ಸಾಟೊ. 1945ರ ಏಪ್ರಿಲ್ 7ರಂದು ಒಕಿನಾವಾ ಕಡೆ ಹೊರಟಿದ್ದ ಯಮಾಟೊ ಯುದ್ಧನೌಕೆ ಅಮೆರಿಕದ ವಿಮಾನಗಳ ದಾಳಿಗೆ ಮುಳುಗಿತಲ್ವಾ, ಅದರ ನಾವಿಕರ ಕಥೆ. ಮೂರು ಸಾವಿರಕ್ಕೂ ಜಾಸ್ತಿ ಜನರಲ್ಲಿ ಬದುಕಿದವರು ಮುನ್ನೂರೂ ಇಲ್ಲ. ವಾಪಸ್ ಬರುವುದಿಲ್ಲ ಅಂತ ಗೊತ್ತಿದ್ದೂ ಹೊರಟವರು. ನೆನೆದರೆ ಕರುಳು ಹಿಂಡಿದ ಹಾಗಾಗುತ್ತದೆ.

ಅಪ್ಪ ನೌಕಾಪಡೆಯಲ್ಲಿದ್ದವರು. ಈಗ ಕಣ್ಣು ಮಂಜು, ಮುಂದಿನ ತಿಂಗಳು ಆಪರೇಷನ್. ಆಮೇಲೆ ಜೊತೆಯಲ್ಲಿ ಕೂತು ನೋಡಬೇಕು ಅಂತ ಆಸೆ. ನನ್ನ ಹತ್ತಿರ ಇರುವ ಡಿವಿಡಿಯಲ್ಲಿ ಬರೀ ಜಪಾನಿ ಮಾತು. ಇಂಗ್ಲಿಷ್ ಸಬ್‌ಟೈಟಲ್ ಇರುವ ಪೂರ್ತಿ ಸಿನಿಮಾ, ಡಿವಿಡಿಯೋ ಒಟಿಟಿಯೋ, ಎಲ್ಲಿ ಸಿಗುತ್ತದೆ? ದುಡ್ಡು ಕೊಟ್ಟೇ ತಗೊಳ್ಳುತ್ತೇನೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.