ಪದ ಬೇಕಾಗಿದೆ: ಕೀರ್ಕೆಗಾರ್ಡ್ ಹೇಳುವ 'ಆಂಗ್ಸ್ಟ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನಲ್ಲಿ ಅಸ್ತಿತ್ವವಾದ (ಮನುಷ್ಯನ ಇರುವಿಕೆ, ಆಯ್ಕೆಗಳ ತತ್ವಚಿಂತನೆ) ಮತ್ತು ಧರ್ಮದ ಬಗ್ಗೆ ಹೊಸಬರಿಗೆಂದು ಒಂದು ಉಪನ್ಯಾಸ ಇದೆ. ಪೋಸ್ಟರ್ ನಾಳೆ ಮಧ್ಯಾಹ್ನದೊಳಗೆ ಪ್ರಿಂಟಿಗೆ ಹೋಗಬೇಕು. ಡೆನ್ಮಾರ್ಕಿನ ತತ್ವಜ್ಞಾನಿ ಕೀರ್ಕೆಗಾರ್ಡ್ 1844ರಲ್ಲಿ ಒಂದಿಡೀ ಪುಸ್ತಕ ಬರೆದದ್ದು ಯಾವ ಭಾವದ ಮೇಲೋ, ಅದೇ ವಿಷಯ. ಅವನ ಡೇನಿಷ್‌ನಲ್ಲಿ ಆಂಗೆಸ್ಟ್, ಜರ್ಮನ್‌ನಲ್ಲಿ ಆಂಗ್ಸ್ಟ್. ಇಂಗ್ಲಿಷಿನವರೂ 1944ರ ಅನುವಾದದಲ್ಲಿ 'ಡ್ರೆಡ್' ಅಂದು, 1980ರದ್ದರಲ್ಲಿ 'ಆಂಗ್ಸೈಟಿ'ಗೆ ಬಂದರು. ನಾನು ಸದ್ಯಕ್ಕೆ 'ಆತಂಕ' ಹಾಕಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ. ದಪ್ಪ ಅಕ್ಷರದಲ್ಲಿ ಒಂದೇ ಪದ ಬರಬೇಕು. ದಯವಿಟ್ಟು ಬೇಗ ಹೇಳಿ.

ಮೈಸೂರಿನಿಂದ:
ಆತಂಕ ಬೇಡ. 'ಅಡ್ಡಿ ಆತಂಕವಿಲ್ಲದೆ ನಡೆಯಿತು' ಅನ್ನುತ್ತೇವಲ್ಲ, ಅಲ್ಲಿ ಅದಕ್ಕೆ ತಡೆ ಎಂದೇ ಅರ್ಥ. ಹಿಂದಿಯಲ್ಲಿ ಆತಂಕ ಅಂದರೆ ಭಯೋತ್ಪಾದನೆ, ಹಿಂದಿ ಸುದ್ದಿ ನೋಡುವ ಹುಡುಗರಿಗಂತೂ ಬಾಂಬ್ ಹಾಕುವವರೇ ನೆನಪಾಗುತ್ತಾರೆ. ಕಳವಳವೂ ಬೇಡ. ಮಂತ್ರಿಗಳು ದಿನಾ ವ್ಯಕ್ತಪಡಿಸಿ ಅದನ್ನು ಸವೆಸಿಬಿಟ್ಟಿದ್ದಾರೆ.

ಶಿವಮೊಗ್ಗದಿಂದ:
ಬೇರಿಗೆ ಹೋಗಿ. ಆಂಗ್ಸ್ಟ್‌ನ ಮೂಲ ಅರ್ಥ ಬಿಗಿ, ಕಿರಿದು. ಜರ್ಮನ್‌ನಲ್ಲಿ ಕಿರಿದಾದದ್ದಕ್ಕೆ ಇಂದಿಗೂ 'ಎಂಗ್' ಅಂತಾರೆ. ಸಂಸ್ಕೃತದ 'ಅಂಹಸ್' ಇದೇ ಬೇರಿನದು. ಸಂಕಟದ ಬೇರು ಬೇರೆ, ಆದರೆ ಅದರ ಹುಟ್ಟು ಅರ್ಥವೂ ಇಕ್ಕಟ್ಟಾದದ್ದು ಅಂತಲೇ! ಹಾಗಾಗಿ 'ಸಂಕಟ'. ಅಚ್ಚಗನ್ನಡ ಬೇಕೆಂದರೆ 'ಇಕ್ಕಟ್ಟು'. ಇದನ್ನು ನಾನು ಹಿಂದೆಯೂ ಇಲ್ಲಿ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಧಾರವಾಡದಿಂದ:
ಈಗಲೂ ಹಾಕಿಕೊಳ್ಳುವುದಿಲ್ಲ. ಬೇರು ಅಗೆದು ಅನುವಾದ ಮಾಡೋದಲ್ಲ ಸರ್. ಇಕ್ಕಟ್ಟು ಅಂದರೆ ಜಾಗ ಸಾಲದು. ಕೀರ್ಕೆಗಾರ್ಡ್ ಹೇಳುವುದು ಜಾಗ ಜಾಸ್ತಿಯಾದಾಗ ಬರುವುದನ್ನು. ಆಳವಾದ ಕಮರಿಯೊಳಗೆ ಇಣುಕಿದವನಿಗೆ ತಲೆ ಸುತ್ತುತ್ತದೆ, ಆಂಗ್ಸ್ಟ್ ಅಂದರೆ ಸ್ವಾತಂತ್ರ್ಯದ ತಲೆಸುತ್ತು ಅನ್ನುತ್ತಾನೆ. ಉದಾಹರಣೆಗೆ ಬೈಬಲಿನ ಮೊದಲ ಮನುಷ್ಯ ಆದಾಮನನ್ನು ತರುತ್ತಾನೆ. ಹಣ್ಣು ತಿನ್ನಬೇಡ, ತಿಂದರೆ ಸಾಯುತ್ತೀ ಅಂತ ದೇವರು ಅಂದಾಗ ಆದಾಮನಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ, ಸಾವು ಅಂದರೇನೂ ಗೊತ್ತಿಲ್ಲ. 'ನನ್ನ ಕೈಲಿ ಆಗುತ್ತೆ' ಅನ್ನುವುದೊಂದೇ ಒಳಗೆ ಏಳುತ್ತದೆ. ಅದು ಎಳೆಯುತ್ತದೆ, ದೂಡುತ್ತದೆ, ಎರಡೂ ಒಟ್ಟಿಗೆ.

ಹೆದರಿಕೆಗೆ ಒಂದು ವಸ್ತು ಇರುತ್ತದೆ, ಇದಕ್ಕೆ ಇಲ್ಲ. ಅವನ ಮುಖ್ಯ ಮಾತೇ ಇದು. ನಮ್ಮ ವ್ಯಾಕರಣದಲ್ಲೇ ಇದಕ್ಕೆ ಪರೀಕ್ಷೆ ಇದೆ, ಚತುರ್ಥಿ ವಿಭಕ್ತಿಯ 'ಗೆ' ಹಚ್ಚಿ ನೋಡಿ. ಹಾವಿಗೆ ಹೆದರಿದ, ಹಾವಿಗೆ ಅಂಜಿದ: ಸರಿ. ಹಾವಿಗೆ ತಳಮಳಿಸಿದ: ಯಾರೂ ಅನ್ನುವುದಿಲ್ಲ. ದಿಗಿಲು ಹತ್ತಿರ ಬರುತ್ತದೆ, ಆದರೆ 'ಹಾವು ಕಂಡು ದಿಗಿಲಾಯಿತು' ಅನ್ನಬಹುದು. 'ಯಾಕೋ ತಳಮಳ' ಅಂದರೆ ಸಾಕು, ಯಾವುದಕ್ಕೆ ಅಂತ ಯಾರೂ ಕೇಳುವುದಿಲ್ಲ. ತಳಮಳ ಹಾಕಿ.

ಮೈಸೂರಿನಿಂದ:
ಹೊಟ್ಟೆ ಕೆಟ್ಟಾಗಲೂ ತಳಮಳವೇ ಅಲ್ವಾ?

ಧಾರವಾಡದಿಂದ:
ಇರಲಿ ಬಿಡಿ. ತಲೆಸುತ್ತು ಏನು ವೇದಾಂತದ ಪದವಾ?

ಬೆಂಗಳೂರಿನಿಂದ:
ತಳಮಳ ಒಪ್ಪಿದೆ. ಆದರೆ 'ಅಸ್ತಿತ್ವವಾದ' ಯಾಕೆ? 'ಇರವು' ಅನ್ನುವ ಚೆಂದದ ಪದ ಮನೆಯಲ್ಲೇ ಇದೆ. ಅದಕ್ಕೆ 'ಅರಿಮೆ' (ಅರಿವು, ಶಾಸ್ತ್ರ) ಸೇರಿಸಿ 'ಇರವರಿಮೆ' ಅನ್ನಿ. ಸಂಸ್ಕೃತದ ಸಾಲ ಇಲ್ಲದೆ ಒಂದು ಪೋಸ್ಟರ್ ಆದರೂ ಬರಲಿ.

ಮಂಗಳೂರಿನಿಂದ:
ನವ್ಯ ಸಾಹಿತ್ಯದ ಕಾಲದಿಂದ ಅಸ್ತಿತ್ವವಾದ ಅಂತಲೇ ಓದಿ, ಪರೀಕ್ಷೆ ಬರೆದು ಪಾಸಾಗಿದ್ದೇವೆ. ಇರವರಿಮೆ ಅಂದರೆ ಇರುವೆಗಳ ವಿಜ್ಞಾನ ಅಂದುಕೊಳ್ಳುತ್ತಾರೆ. ಹಾಗೆ ನೋಡಿದರೆ ಕೀರ್ಕೆಗಾರ್ಡ್‌ಗೇ ಈ ಹಣೆಪಟ್ಟಿ ಗೊತ್ತಿರಲಿಲ್ಲ, ಅವನು ತೀರಿಕೊಂಡದ್ದು 1855ರಲ್ಲಿ. ಹೆಸರು ಓಡಾಡಿದ್ದು 1940ರ ದಶಕದ ಪ್ಯಾರಿಸ್ಸಿನಲ್ಲಿ. 1945ರ ಉಪನ್ಯಾಸದಲ್ಲಿ ಫ್ರೆಂಚ್ ಚಿಂತಕ ಸಾರ್ತ್ರ್ ತನ್ನನ್ನು ನಾಸ್ತಿಕ ಅಸ್ತಿತ್ವವಾದಿಗಳ ಸಾಲಿಗೆ ಸೇರಿಸಿಕೊಂಡ, ಕ್ಯಾಥೊಲಿಕನಾದ ಇನ್ನೊಬ್ಬ ಫ್ರೆಂಚ್ ಚಿಂತಕ ಮಾರ್ಸೆಲ್‌ನನ್ನು ಕ್ರೈಸ್ತರ ಸಾಲಿಗೆ ಹಾಕಿದ. ಮಾರ್ಸೆಲ್ ಆಮೇಲೆ ಆ ಹೆಸರೇ ಬೇಡ ಅಂದ.

ಬೆಂಗಳೂರಿನಿಂದ:
ಪಾಸಾದರೆ ಪದ ಸರಿ ಅಂತಾನಾ?

ಮಂಗಳೂರಿನಿಂದ:
ಕುರ್ಚಿ, ಕಚೇರಿ, ಬಸ್ಸು ಎಲ್ಲ ವಾಪಸ್ ಕೊಟ್ಟು ಬನ್ನಿ, ಆಮೇಲೆ ಮಾತಾಡೋಣ.

ಕೇಳಿದವಳು:
ಜಗಳ ಆಮೇಲೆ ಮಾಡಿ, ಪ್ಲೀಸ್. ಕೆಳಗಿನ ಸಾಲಿಗೆ 'ಶ್ರದ್ಧೆಯ ಜಿಗಿತ' (ಇಂಗ್ಲಿಷಿನ 'ಲೀಪ್ ಆಫ್ ಫೇಯ್ತ್') ಅಂತ ಇದೆ. ನಡೆಯುತ್ತಾ?

ಧಾರವಾಡದಿಂದ:
ಅವನ ಹೆಸರಲ್ಲಿ ಎಲ್ಲರೂ ಹೇಳುವ ಆ ನುಡಿಗಟ್ಟು ಅವನ ಬರಹದಲ್ಲಿ ಹಾಗೇ ಸಿಗುವುದಿಲ್ಲ ಮೇಡಂ. 'ಜಿಗಿತ' ಅನ್ನುತ್ತಾನೆ, ಖಂಡಿತ. ಆದರೆ ಈ 1844ರ ಪುಸ್ತಕದಲ್ಲಿ ಜಿಗಿತ ಜಾಸ್ತಿ ಬರುವುದು ಪಾಪದ ಮಾತಿನಲ್ಲಿ: ಮುಗ್ಧತೆಯಿಂದ ಪಾಪಕ್ಕೆ ಮೆಟ್ಟಿಲಿಲ್ಲ, ಜಿಗಿತವೇ ಅಂತ. ಉಪನ್ಯಾಸ ಈ ಪುಸ್ತಕದ ಮೇಲೆ ಅಂದರೆ ಆ ಸಾಲು ತೆಗೆಯಿರಿ. ಬೇಕೇ ಬೇಕು ಅಂದರೆ 'ನಂಬಿಕೆ' ಹಾಕಿ. ಅವನು ಲುಥೆರನ್, ಅಂದರೆ ಪ್ರಾಟೆಸ್ಟೆಂಟ್, ನಮ್ಮ ಪ್ರಾಟೆಸ್ಟೆಂಟರ ಕನ್ನಡ ಬೈಬಲಿನ ಪದ ಅದೇ. ಶ್ರದ್ಧೆ ಅಂದರೆ ಮನಸ್ಸಿಟ್ಟು ಓದುವ ಹುಡುಗ ಕಣ್ಣಿಗೆ ಬರುತ್ತಾನೆ.

ಕೇಳಿದವಳು:
ಸಾಲು ತೆಗೆದೆ. 'ತಳಮಳ: ಕೀರ್ಕೆಗಾರ್ಡ್ ಬಗ್ಗೆ ಹೊಸಬರಿಗೊಂದು ಉಪನ್ಯಾಸ' ಅಂತ ಪ್ರಿಂಟಿಗೆ ಕೊಟ್ಟಾಯಿತು. ಎಲ್ಲರಿಗೂ ಥ್ಯಾಂಕ್ಸ್.

ಬೆಂಗಳೂರಿನಿಂದ:
'ಉಪನ್ಯಾಸ' ಉಳಿಸಿಕೊಂಡಿರಾ?

ಕೇಳಿದವಳು:
'ಪ್ರಿಂಟಿಗೆ' ಅಂತಲೂ ಅಂದೆ ಸರ್. ಅದನ್ನು ಬಿಟ್ಟಿರಲ್ಲ.