ಗ್ರೈಂಡ್ ಮಾಡಿದ ಉಕ್ಕು: ಸ್ಟೈಲಸ್‌ನಲ್ಲಿ (ಮೇಲ್ಮೈ ಮೇಲೆ ಎಳೆಯುವ ಸೂಜಿ) ಆರ್‌ಎ (ಸರಾಸರಿ ಒರಟುತನ) 0.20 ಮೈಕ್ರಾನ್, ಬಿಳಿ ಬೆಳಕಿನ ಯಂತ್ರದಲ್ಲಿ 0.31. ಯಾವುದು ಸರಿ?

ಕ್ಯೂಸಿ_ಬೆಂಚ್: ಸ್ಟೈಲಸ್ ತುದಿಯ ತ್ರಿಜ್ಯ 2 ಮೈಕ್ರಾನ್, ಕಟ್‌ಆಫ್ (ಇದಕ್ಕಿಂತ ಉದ್ದದ ಅಲೆಗಳನ್ನು ತೆಗೆಯುವ ಫಿಲ್ಟರ್ ಮಿತಿ) 0.8 ಮಿ.ಮೀ., ಅಳತೆಯ ಉದ್ದ 4 ಮಿ.ಮೀ. ಬಿಳಿ ಬೆಳಕಿನ ಇಂಟರ್‌ಫೆರೋಮೀಟರಿಗೆ (ಬೆಳಕಿನ ಅಲೆಗಳ ಬೆರಕೆಯಿಂದ ಎತ್ತರ ಅಳೆಯುವ ಯಂತ್ರ) 10ಎಕ್ಸ್ ಆಬ್ಜೆಕ್ಟಿವ್, ಎನ್‌ಎ (ಲೆನ್ಸ್ ಎಷ್ಟು ಓರೆ ಬೆಳಕನ್ನು ಹಿಡಿಯುತ್ತದೆ ಎಂಬ ಅಳತೆ) 0.3. ಅದರ ಚಿತ್ರದಲ್ಲಿ ಗೀರುಗಳ ಅಂಚಿನಲ್ಲಿ ಮುಳ್ಳಿನಂತೆ ಏನೋ ಎದ್ದಿರುತ್ತದೆ. ಸ್ಟೆಪ್ ಮಾಸ್ಟರ್ (ಗೊತ್ತಾದ ಎತ್ತರದ ಮೆಟ್ಟಿಲಿರುವ ಮಾದರಿ) ಮೇಲೆ ಮಾತ್ರ ಈ ಯಂತ್ರ ಸರಿಯಾಗಿಯೇ ಓದುತ್ತದೆ. ತಪ್ಪು ಎಲ್ಲಿರಬಹುದು?

ಇಳಿಜಾರು: ಸ್ಟೆಪ್ ಮಾಸ್ಟರ್ ಎತ್ತರದ ಸ್ಕೇಲನ್ನಷ್ಟೇ ಪರೀಕ್ಷಿಸುತ್ತದೆ. ಅದರಲ್ಲಿ ಇಳಿಜಾರೇ ಇಲ್ಲವಲ್ಲ! ಎನ್‌ಎ 0.3 ಅಂದರೆ ಸುಮಾರು 17.5 ಡಿಗ್ರಿ. ಅದಕ್ಕಿಂತ ಕಡಿದಾದ ನುಣುಪು ಗೋಡೆಗೆ ಬಿದ್ದ ಬೆಳಕು ಲೆನ್ಸಿಗೆ ಮರಳುವುದಿಲ್ಲ. ಅಲ್ಲಿ ಸಿಗ್ನಲ್ ಕ್ಷೀಣಿಸಿ ಸಾಫ್ಟ್‌ವೇರ್ ತಪ್ಪು ಎತ್ತರ ಬರೆಯುತ್ತದೆ. ಮೊದಲು ‘ಖಾಲಿ ಬಿಂದು ತುಂಬು’ ಆಯ್ಕೆಯನ್ನು ಆಫ್ ಮಾಡಿ, ಎಷ್ಟು ಬಿಂದುಗಳು ಬಿಟ್ಟುಹೋಗಿವೆ ನೋಡಿ. ಆಮೇಲೆ 50ಎಕ್ಸ್ ಹಾಕಿ. ಎನ್‌ಎ 0.55ಕ್ಕೆ 33 ಡಿಗ್ರಿವರೆಗೆ ಸಿಗುತ್ತದೆ.

ಫಿಲ್ಟರ್_ಮುಖ್ಯ: ಇಳಿಜಾರಿನ ಮಾತು ಒಪ್ಪಿದೆ, ಆದರೆ 50ಎಕ್ಸ್‌ನ ಒಂದೇ ಫ್ರೇಮಿನಿಂದ ಆರ್‌ಎ ಹೇಳಬೇಡಿ. ಅದರ ನೋಟ ಸಾಮಾನ್ಯವಾಗಿ 0.2 ಮಿ.ಮೀ. ಕೂಡ ಇರುವುದಿಲ್ಲ, 0.8ರ ಕಟ್‌ಆಫ್ ಅದಕ್ಕೆ ಹೇಗೆ ಹೊಂದೀತು? ಗೀರುಗಳಿಗೆ ಅಡ್ಡಲಾಗಿ 4 ಮಿ.ಮೀ. ಸ್ಟಿಚ್ ಮಾಡಿ (ಫ್ರೇಮುಗಳನ್ನು ಜೋಡಿಸಿ), ಎರಡೂ ಯಂತ್ರಗಳಿಗೆ ಒಂದೇ ಕಟ್‌ಆಫ್, ಒಂದೇ 2.5 ಮೈಕ್ರಾನ್ ಲ್ಯಾಂಬ್ಡಾ-ಎಸ್ ಫಿಲ್ಟರ್ (ಇದಕ್ಕಿಂತ ಸಣ್ಣ ಅಲೆಗಳನ್ನು ತೆಗೆಯುವುದು) ಇಡಿ. 20ಎಕ್ಸ್ (ಎನ್‌ಎ 0.4, ಸುಮಾರು 23.6 ಡಿಗ್ರಿ) ಒಳ್ಳೆಯ ನಡುದಾರಿ, ಫ್ರೇಮುಗಳೂ ಕಡಿಮೆ ಸಾಕು.

ಸ್ಟೈಲಸ್ ತುದಿ ಕಿರಿದಾದ ಕಣಿವೆಯ ತಳ ಮುಟ್ಟದೆ ಸ್ವಲ್ಪ ಕಡಿಮೆ ಓದುವುದುಂಟು. 0.20 ಎಲ್ಲಿ, 0.31 ಎಲ್ಲಿ, ಇಷ್ಟು ಅಂತರಕ್ಕೆ ಅದೊಂದೇ ಕಾರಣ ಎನ್ನಲಾರೆ.

ಫ್ರಿಂಜ್: ಮುಳ್ಳುಗಳ ಎತ್ತರ ಅಳೆದಿರಾ? ಬೆಳಕಿನ ಸರಾಸರಿ ತರಂಗಾಂತರ 0.58 ಮೈಕ್ರಾನ್ ಇದ್ದರೆ ಅದರ ಅರ್ಧ 0.29. ಹೆಚ್ಚಿನವು ಅಲ್ಲೇ ಗುಂಪುಗೂಡಿದ್ದರೆ, ಫೇಸ್ (ಅಲೆಯೊಳಗಿನ ಸ್ಥಾನ) ಲೆಕ್ಕದಲ್ಲಿ ಸಾಫ್ಟ್‌ವೇರ್ ಪಕ್ಕದ ಫ್ರಿಂಜಿಗೆ (ಬೆಳಕು-ಕತ್ತಲೆಯ ಪಟ್ಟಿ) ಜಿಗಿದಿದೆ ಎಂದರ್ಥ.

ಕ್ಯೂಸಿ_ಬೆಂಚ್: ಈಗ ನೋಡಿದೆ, ಬಹುಪಾಲು 0.28ರಿಂದ 0.30. ಮೀಡಿಯನ್ ಫಿಲ್ಟರ್ ಹಾಕಿಬಿಡಲೇ?

ಫ್ರಿಂಜ್: ದಯವಿಟ್ಟು ಬೇಡ. ಅದು ನಿಜವಾದ ಗೀರನ್ನೂ ಸವೆಸುತ್ತದೆ, ಸಂಖ್ಯೆ ಸ್ಟೈಲಸ್‌ಗೆ ಹೊಂದಿದರೂ ಕಾಕತಾಳೀಯವೇ. ಫೇಸ್ ಬಿಟ್ಟು ಎನ್ವಲಪ್ ಮೋಡಿನಲ್ಲಿ (ಫ್ರಿಂಜುಗಳ ಒಟ್ಟು ಹೊರರೇಖೆಯ ಶಿಖರದಿಂದ ಎತ್ತರ ಓದುವ ವಿಧಾನ) ಅದೇ ಜಾಗ ಮತ್ತೆ ಅಳೆಯಿರಿ. ನಾಯ್ಸ್ ಹೆಚ್ಚುತ್ತದೆ, ಈ ಜಿಗಿತ ಮಾಯವಾಗುತ್ತದೆ. ಆಗಲೂ ಅಂಚಿನಲ್ಲಿ ಏನಾದರೂ ಉಳಿದರೆ ಅದು ಬಾವಲಿ ರೆಕ್ಕೆ: ಕೊಹಿರೆನ್ಸ್ ಉದ್ದಕ್ಕಿಂತ (ಫ್ರಿಂಜುಗಳು ಕಾಣಸಿಗುವ ವ್ಯಾಪ್ತಿ) ಗಿಡ್ಡ ಮೆಟ್ಟಿಲಿನ ಮೇಲಿನ, ಕೆಳಗಿನ ಬೆಳಕು ಬೆರೆತು ಹುಟ್ಟುವುದು. ಅದು ಬೇರೆಯೇ ದೋಷ.

ಹೆಚ್ಚಿದ ನಾಯ್ಸ್ ಎಷ್ಟೆಂದು ತಿಳಿಯಲು ಸ್ಟೇಜ್ ಅಲುಗಿಸದೆ ಎರಡು ಸಲ ಅಳೆದು, ಒಂದರಿಂದ ಇನ್ನೊಂದನ್ನು ಕಳೆದು, ಉಳಿದುದರ ಎಸ್‌ಕ್ಯೂ (ಎತ್ತರಗಳ ವರ್ಗಗಳ ಸರಾಸರಿಯ ವರ್ಗಮೂಲ) ಅನ್ನು 1.414ರಿಂದ ಭಾಗಿಸಿ.