ಹೊಸ ಸಣ್ಣ ಕ್ಯಾಮೆರಾ, ಮೇ ಕೊನೆಗೆ ಮನಾಲಿ: ಹೊರಡುವ ಮೊದಲು ಎಂತ ಕಲಿಯಬೇಕು?

ಕೇಳಿದವರು, ಉಡುಪಿಯಿಂದ:

ತಮ್ಮ ದುಬಾಯಿಯಿಂದ ರಜೆಗೆ ಬರುವಾಗ ನನಗೊಂದು ಸಣ್ಣ ಡಿಜಿಟಲ್ ಕ್ಯಾಮೆರಾ ತಂದುಕೊಟ್ಟಿದ್ದಾನೆ. ಅಂಗೈಯಲ್ಲಿ ಹಿಡಿಯುವಂಥದ್ದು, ಲೆನ್ಸ್ ಬಿಚ್ಚಲಿಕ್ಕೆ ಬರುವುದಿಲ್ಲ. ಇಷ್ಟರವರೆಗೆ ನಾನು ಮೊಬೈಲಿನಲ್ಲೇ ಫೋಟೋ ತೆಗೆದದ್ದು. ಮೇ ಕೊನೆಯ ವಾರ ಮನೆಯವರೆಲ್ಲ ಮನಾಲಿಗೆ ಹೊರಟಿದ್ದೇವೆ. ಅಟಲ್ ಸುರಂಗ ದಾಟಿ ಸಿಸ್ಸುವಿಗೆ, ರೋಹ್ತಾಂಗ್ ತೆರೆದಿದ್ದರೆ ಅಲ್ಲಿಗೂ. ಅತ್ತೆ, ಮಾವ ಹಿಮ ನೋಡುವುದು ಇದೇ ಮೊದಲು, ಅವರ ಫೋಟೋ ಚೆನ್ನಾಗಿ ಬರಬೇಕು. ಕ್ಯಾಮೆರಾದ ಮೆನು ತೆರೆದರೆ ಎಲ್ಲಿಂದ ಶುರು ಮಾಡುವುದೆಂದೇ ಗೊತ್ತಾಗುವುದಿಲ್ಲ. ಬಳಸಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಮಣಿಪಾಲದಿಂದ:

ಅಕ್ಕ, ಮೊದಲು ಗಡಿಯಾರ ನೋಡಿ. ದುಬಾಯಿಯಲ್ಲಿ ಸಮಯ ಸೆಟ್ ಮಾಡಿದ್ದರೆ ನಮ್ಮಲ್ಲಿಗಿಂತ ಒಂದೂವರೆ ಗಂಟೆ ಹಿಂದೆ ಇರುತ್ತದೆ. ಊರಿಗೆ ಬಂದ ಮೇಲೆ ಮೊಬೈಲಿನದ್ದೂ ಕ್ಯಾಮೆರಾದ್ದೂ ಒಂದೇ ಕಡೆ ಹಾಕಿದರೆ ಸಮಯದ ಪ್ರಕಾರ ಜೋಡಣೆ ಆಗುತ್ತದಲ್ಲ, ಆಗ ಮಧ್ಯಾಹ್ನದ ಊಟ ಬೆಳಗ್ಗಿನ ನಡಿಗೆಯ ನಡುವೆ ಬಂದು ಕೂರುತ್ತದೆ. ಚಾರ್ಜರಿನ ಪಿನ್ನೂ ನೋಡಿ. ಅಲ್ಲಿಯದ್ದು ಚಪ್ಪಟೆ ಮೂರು ಪಿನ್, ನಮ್ಮ ಪ್ಲಗ್‌ಗೆ ಹೋಗುವುದಿಲ್ಲ, ಅಡಾಪ್ಟರ್ ಬೇಕು. ವಾರಂಟಿ ಕಾರ್ಡ್ ಓದಿ, ಕೊಂಡ ದೇಶಕ್ಕೆ ಮಾತ್ರ ಎಂದು ಬರೆದಿದ್ದರೆ ಮುಂದೆ ಏನಾದರೂ ಆದಾಗ ತಮ್ಮನ ಕೈಯಲ್ಲೇ ಕಳಿಸಬೇಕಾಗುತ್ತದೆ.

ಕಾಪುವಿನಿಂದ:

ಮೆನು ಸದ್ಯಕ್ಕೆ ಬಿಟ್ಟುಬಿಡಿ. ಮೇಲಿನ ಚಕ್ರವನ್ನು ಪಿ ಮೋಡಿಗೆ ತಿರುಗಿಸಿ. ಬೆಳಕಿನ ಲೆಕ್ಕವನ್ನೆಲ್ಲ ಕ್ಯಾಮೆರಾವೇ ಮಾಡುತ್ತದೆ, ಆದರೆ ಫ್ಲ್ಯಾಶ್ ಬೇಕೋ ಬೇಡವೋ, ಚಿತ್ರ ಇನ್ನಷ್ಟು ಬೆಳ್ಳಗಾಗಬೇಕೋ ಕಪ್ಪಾಗಬೇಕೋ ಎನ್ನುವುದು ನಿಮ್ಮ ಕೈಯಲ್ಲೇ ಉಳಿಯುತ್ತದೆ. ಪೂರ್ತಿ ಆಟೋ ಮೋಡಿನಲ್ಲಿ ಹೆಚ್ಚಿನ ಕ್ಯಾಮೆರಾಗಳು ಈ ಎರಡನೆಯದಕ್ಕೆ ಅವಕಾಶ ಕೊಡುವುದಿಲ್ಲ. ಹಿಮಕ್ಕೆ ಹೋಗುವವರಿಗೆ ಬೇಕಾದದ್ದು ಅದೇ.

ಯಾಕೆಂದರೆ ಕ್ಯಾಮೆರಾ ಎದುರಿಗಿರುವುದನ್ನೆಲ್ಲ ಸರಾಸರಿಯಲ್ಲಿ ನಡುಮಟ್ಟದ ಬೂದು ಎಂದು ಎಣಿಸಿಯೇ ಬೆಳಕು ಅಳೆಯುತ್ತದೆ. ಫ್ರೇಮ್ ತುಂಬ ಹಿಮ ಬಂದರೆ ಇದೆಂತ ಇಷ್ಟು ಬೆಳಕು ಎಂದು ಇಳಿಸಿಬಿಡುತ್ತದೆ. ಹಿಮ ಬೂದಿ ಬಣ್ಣಕ್ಕೆ ಬರುತ್ತದೆ, ಅದರ ಎದುರು ನಿಂತ ನಿಮ್ಮ ಅತ್ತೆಯ ಮುಖ ಇನ್ನೂ ಕಪ್ಪಾಗುತ್ತದೆ. ಕ್ಯಾಮೆರಾದಲ್ಲಿ ಪ್ಲಸ್ ಮೈನಸ್ ಗುರುತಿನ ಒಂದು ಗುಂಡಿ ಅಥವಾ ಚಕ್ರ ಉಂಟಲ್ಲ, ಅದನ್ನು +1ರ ಹತ್ತಿರ ಇಟ್ಟರೆ ಹಿಮ ಹಿಮದ ಹಾಗೆ ಬರುತ್ತದೆ.

ಇದನ್ನು ಕಲಿಯಲಿಕ್ಕೆ ಮನಾಲಿವರೆಗೆ ಕಾಯಬೇಡಿ. ಒಂದು ಚೆಂಡು ಶಂಕರಪುರ ಮಲ್ಲಿಗೆ ತನ್ನಿ. ಜಗಲಿಯ ನೆರಳಿನಲ್ಲಿಟ್ಟು, ಝೂಮ್ ಪೂರ್ತಿ ಹಿಂದಕ್ಕೆ ತೆಗೆದು, ಹೂವಲ್ಲದೆ ಬೇರೇನೂ ಕಾಣದಷ್ಟು ಹತ್ತಿರ ಹೋಗಿ. ಝೂಮ್ ಮಾಡಿಕೊಂಡರೆ ಅಷ್ಟು ಹತ್ತಿರದಲ್ಲಿ ಫೋಕಸ್ ಸಿಕ್ಕುವುದಿಲ್ಲ. ಗುಂಡಿಯನ್ನು ಅರ್ಧ ಒತ್ತಿ, ಹಸಿರು ಚೌಕ ಬರುವವರೆಗೆ ಕಾದು, ಮತ್ತೆ ಪೂರ್ತಿ ಒತ್ತಿ. ಸೊನ್ನೆಯಲ್ಲಿ ತೆಗೆದ ಚಿತ್ರದಲ್ಲಿ ಹೂ ನಿನ್ನೆಯದರ ಹಾಗೆ ಮಂಕಾಗಿ ಕಾಣುತ್ತದೆ. +1ರಲ್ಲಿ ಬೆಳ್ಳಗೆ ಅರಳಿ, ಕಟ್ಟಿದ ಬಾಳೆನಾರೂ ಎಸಳಿನ ಅಂಚೂ ಬಿಡಿಬಿಡಿಯಾಗಿ ಕಾಣುತ್ತವೆ. +2ಕ್ಕೆ ಹೋದರೆ ಅಂಚು ಅಳಿಸಿಹೋಗಿ ಬರೇ ಬಿಳಿ ಗುಡ್ಡೆ.

ಈಗ ಅದೇ ಚೆಂಡನ್ನು ಕಪ್ಪು ನೆಲದ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ತೆಗೆಯಿರಿ. ಈ ಸಲ ಫ್ರೇಮ್ ತುಂಬ ಕಪ್ಪು, ಹಾಗಾಗಿ ಕ್ಯಾಮೆರಾ ಎಲ್ಲವನ್ನೂ ಬೆಳಗಿಸಲಿಕ್ಕೆ ಹೋಗುತ್ತದೆ, ಹೂ ಸುಟ್ಟಂತಾಗುತ್ತದೆ. ಇಲ್ಲಿ ಮೈನಸ್ ಕಡೆಗೆ ತಿರುಗಿಸಬೇಕು. ಹೂ ಅದೇ, ಬೆಳಕೂ ಅದೇ, ಸುತ್ತಲಿನದ್ದು ಮಾತ್ರ ಬೇರೆ. ಇಷ್ಟು ಒಮ್ಮೆ ಕಣ್ಣಿಗೆ ಬಿತ್ತೆಂದರೆ ರೋಹ್ತಾಂಗಿನ 3,978 ಮೀಟರ್ ಎತ್ತರದಲ್ಲಿ ಕೈ ಮರಗಟ್ಟುತ್ತಿರುವಾಗಲೂ ಯಾವ ಕಡೆಗೆ ತಿರುಗಿಸಬೇಕೆಂದು ಯೋಚಿಸಬೇಕಾಗುವುದಿಲ್ಲ. ಹಿಮದಿಂದ ಕೆಳಗಿಳಿದ ಮೇಲೆ ಸೊನ್ನೆಗೆ ತನ್ನಿ. ಎಷ್ಟೋ ಕ್ಯಾಮೆರಾಗಳಲ್ಲಿ ಆಫ್ ಮಾಡಿದರೂ ಅದು ಹಾಗೇ ಉಳಿದಿರುತ್ತದೆ.

ಮಲ್ಪೆಯಿಂದ:

ಕಾಪುವಿನವರು ಹೇಳಿದ್ದು ಸರಿ. ನಾನು ಒಂದು ಸೇರಿಸುತ್ತೇನೆ. ಸಂಜೆ ನಮ್ಮ ಬೀಚಿಗೆ ಬನ್ನಿ. ಇಲ್ಲಿ ಎಲ್ಲರೂ ಮುಳುಗುವ ಸೂರ್ಯನಿಗೆ ಬೆನ್ನು ಹಾಕಿಯೇ ಫೋಟೋಕ್ಕೆ ನಿಲ್ಲುವುದು, ಸಮುದ್ರ ಕಾಣಬೇಕಲ್ಲ. ಆಕಾಶ ಚಂದ ಬರುತ್ತದೆ, ಮುಖ ಕರಿ. ಆಗ ಫ್ಲ್ಯಾಶನ್ನು ಆಟೋದಿಂದ ತೆಗೆದು ಯಾವಾಗಲೂ ಹೊಡೆಯುವ ಹಾಗೆ ಇಡಿ, ಜನರು ಎರಡು ಮೂರು ಮೀಟರ್ ಒಳಗಿರಲಿ. ಮುಖವೂ ಸೂರ್ಯನೂ ಎರಡೂ ಸಿಕ್ಕುತ್ತವೆ. ಬೆಟ್ಟದಲ್ಲಿ ಮಾವ ಟೊಪ್ಪಿ ಹಾಕಿ ನಿಂತಾಗ ಹಣೆಯ ಮೇಲಿನ ನೆರಳಿಗೂ ಇದೇ ಉಪಾಯ.

ಆದರೆ ಮರಳಿನ ಮೇಲೆ ಕ್ಯಾಮೆರಾ ಇಡಲೇಬೇಡಿ ಮಾರಾಯ್ರೇ. ಆನ್ ಮಾಡಿದಾಗ ಲೆನ್ಸ್ ಕೊಳವೆ ಹೊರಗೆ ಬರುತ್ತದಲ್ಲ, ಆ ಸಂದಿಗೆ ಒಂದು ಕಾಳು ಹೊಕ್ಕರೂ ಸಾಕು, ಮೋಟಾರು ಅಲ್ಲೇ ನಿಲ್ಲುತ್ತದೆ. ರಬ್ಬರಿನ ಗಾಳಿ ಊದುವ ಬಲ್ಬ್ ಸಿಕ್ಕುತ್ತದೆ, ಅದರಲ್ಲಿ ಊದಿ, ಬಾಯಿಂದ ಊದಬೇಡಿ. ಸೈಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಅಭ್ಯಾಸ ಮಾಡುವುದಾದರೆ ಕ್ಯಾಮೆರಾದ ಹಗ್ಗ ಕೈಗೆ ಸಿಕ್ಕಿಸಿಯೇ ಇರಲಿ. ಮನೆಗೆ ಬಂದು ಮೈಯನ್ನು ಚೂರು ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ, ಉಪ್ಪು ಒಣ ಬಟ್ಟೆಗೆ ಬಿಡುವುದಿಲ್ಲ. ಲೆನ್ಸಿಗೆ ಮಾತ್ರ ಲೆನ್ಸ್ ಬಟ್ಟೆಯೇ.

ಮಂಗಳೂರಿನಿಂದ:

ರಾತ್ರಿ ಬೆಳಕಿಗೆ ಅಭ್ಯಾಸ ಬೇಕಿದ್ದರೆ ಪತ್ತನಾಜೆಗೆ ಮೊದಲು, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವುದರೊಳಗೆ, ಹತ್ತಿರದ ಒಂದು ಬಯಲಾಟಕ್ಕೆ ಹೋಗಿ. ಫ್ಲ್ಯಾಶ್ ಪೂರ್ತಿ ಆಫ್. ವೇಷಧಾರಿಯ ಕಣ್ಣಿಗೆ ಹೊಡೆಯುವುದು ತಪ್ಪು, ಮತ್ತೆ ಅದು ರಂಗಸ್ಥಳದವರೆಗೆ ತಲುಪುವುದೂ ಇಲ್ಲ. ಹಿಂದೆ ಕೂತು ಝೂಮ್ ಮಾಡುವುದಕ್ಕಿಂತ ಮುಂದೆ ಕೂರಿ. ಈ ಸಣ್ಣ ಕ್ಯಾಮೆರಾಗಳಲ್ಲಿ ಝೂಮ್ ಮಾಡಿದಷ್ಟೂ ಲೆನ್ಸಿಗೆ ಬೆಳಕು ಕಡಿಮೆ ಆಗುತ್ತದೆ. ಚಕ್ರವನ್ನು ಎಸ್‌ಗೆ ತಿರುಗಿಸಿ, ಕೆಲವದರಲ್ಲಿ ಟಿವಿ ಎಂದು ಇರುತ್ತದೆ. ಶಟರ್ ಸೆಕೆಂಡಿನ ಎಷ್ಟನೇ ಒಂದು ಪಾಲು ತೆರೆದಿರಬೇಕೆಂದು ಅದರಲ್ಲಿ ನಾವೇ ಹೇಳುವುದು. ವೇಷಧಾರಿ ನಿಂತು ಅರ್ಥ (ಮಾತು) ಹೇಳುವಾಗ 1/100 ಸಾಕು. ದಿಗಿಣ ಹಾರುವಾಗ 1/250 ಆದರೂ ಬೇಕು, ಇಲ್ಲದಿದ್ದರೆ ಕೈಕಾಲು ಕದಡಿದ ಹಾಗೆ ಬರುತ್ತದೆ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕು ಎನ್ನುವುದನ್ನು, ಆಟೋದಲ್ಲಿಟ್ಟು ಮೇಲಿನ ಮಿತಿ 3200 ಮಾಡಿ. ಸ್ವಲ್ಪ ಕಾಳುಕಾಳಾಗಿ ಬರುತ್ತದೆ, ಬರಲಿ, ಅಲ್ಲಾಡಿದ ಚಿತ್ರಕ್ಕಿಂತ ಅದು ಎಷ್ಟೋ ವಾಸಿ. ಡಿಜಿಟಲ್ ಝೂಮನ್ನು ಮೆನುವಿನಲ್ಲಿ ಆಫ್ ಮಾಡಿಡಿ, ಅದು ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು ಅಷ್ಟೇ.

ಕೇಳಿದವರು:

ಮಲ್ಲಿಗೆಯದ್ದು ಮಾಡಿ ನೋಡಿದೆ. +1ರಲ್ಲಿ ನಾರಿನ ಗಂಟೂ ಕಾಣುತ್ತದೆ! ಎಲ್ಲರಿಗೂ ಧನ್ಯವಾದ. ಇನ್ನು ಬ್ಯಾಟರಿ ಎಷ್ಟು ಒಯ್ಯಬೇಕು, ಕಾರ್ಡ್ ಎಷ್ಟು ದೊಡ್ಡದು ಬೇಕು?

ಮಣಿಪಾಲದಿಂದ:

ಇಂಥ ಕ್ಯಾಮೆರಾಗಳ ಬ್ಯಾಟರಿ ಚಿಕ್ಕದು, ಒಂದು ಚಾರ್ಜಿಗೆ ಹೆಚ್ಚಿನವು 200ರಿಂದ 300 ಫೋಟೋ ಬರುತ್ತವೆ. ಚಳಿಯಲ್ಲಿ ಇನ್ನೂ ಬೇಗ ಇಳಿಯುತ್ತದೆ. ಹಾಗಾಗಿ ಹೆಚ್ಚಿಗೆ ಎರಡು ಇಟ್ಟುಕೊಳ್ಳಿ, ಅವು ಜಾಕೆಟಿನ ಒಳಜೇಬಿನಲ್ಲಿ ಮೈಬಿಸಿಗೆ ಇರಲಿ. ಚಳಿಗೆ ಸತ್ತಂತೆ ಕಂಡ ಬ್ಯಾಟರಿ ಬೆಚ್ಚಗಾದ ಮೇಲೆ ಮತ್ತೆ ಸ್ವಲ್ಪ ಹೊತ್ತು ನಡೆಯುತ್ತದೆ. ಬಜ್ಪೆಯಲ್ಲಿ ವಿಮಾನ ಹತ್ತುವಾಗ ಹೆಚ್ಚಿನ ಬ್ಯಾಟರಿಗಳನ್ನು ಚೆಕ್-ಇನ್ ಬ್ಯಾಗಿಗೆ ಹಾಕುವ ಹಾಗಿಲ್ಲ, ಕೈಚೀಲದಲ್ಲೇ ಇರಬೇಕು, ತುದಿಗಳು ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ಪೊಟ್ಟಣದಲ್ಲಿ.

ಫೋಟೋ ಮಾತ್ರವಾದರೆ 64 ಜಿಬಿ ಧಾರಾಳ. ವೀಡಿಯೋ ಬೇಕಿದ್ದರೆ ಲೆಕ್ಕ ಬೇರೆ: 100 ಎಂಬಿಪಿಎಸ್‌ನ (ಸೆಕೆಂಡಿಗೆ 100 ಮೆಗಾಬಿಟ್) 4ಕೆ ವೀಡಿಯೋ ನಿಮಿಷಕ್ಕೆ 750 ಎಂಬಿ ತಿನ್ನುತ್ತದೆ. ವಿ30 ಗುರುತಿನ (ಅದು ಬರೆಯುವ ವೇಗದ ಗುರುತು) ಕಾರ್ಡ್ ನೋಡಿ ತೆಗೆದುಕೊಳ್ಳಿ, ಕ್ಯಾಮೆರಾದೊಳಗೇ ಫಾರ್ಮ್ಯಾಟ್ ಮಾಡಿ. ಒಂದೇ ದೊಡ್ಡದರ ಬದಲು ಎರಡು ಇದ್ದರೆ ಒಂದು ಹಾಳಾದರೂ ಅರ್ಧವಾದರೂ ಉಳಿಯುತ್ತದೆ.

ಮಲ್ಪೆಯಿಂದ:

ಚಳಿಯಿಂದ ಬೆಚ್ಚಗಿನ ಕೋಣೆಗೆ ಬರುವ ಮೊದಲು ಹೊರಗೇ ಜಿಪ್ ಚೀಲಕ್ಕೆ ಹಾಕಿ ಮುಚ್ಚಿ, ಕೋಣೆಯ ಬಿಸಿಗೆ ಹೊಂದಿದ ಮೇಲೆ ತೆರೆಯಿರಿ. ಇಲ್ಲಿ ಎಸಿ ಕಾರಿನಿಂದ ಇಳಿದ ಕೂಡಲೇ ಕನ್ನಡಕ ಮಂಜಾಗುವುದಿಲ್ಲವಾ, ಲೆನ್ಸಿಗೂ ಹಾಗೇ ಆಗುತ್ತದೆ. ನೀವು ಊರಿಗೆ ಬರುವಾಗ ಮಳೆ ಶುರುವಾಗಿರುತ್ತದೆ. ಆಮೇಲೆ ಕ್ಯಾಮೆರಾವನ್ನು ಬಟ್ಟೆ ಕಪಾಟಿನಲ್ಲಿ ಇಡಬೇಡಿ, ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಗಾಳಿ ಆಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಆಗಾಗ ಹೊರತೆಗೆದು ಬಳಸುತ್ತಾ ಇರಿ.